ಫೋಟೋ ಇಳಿಸುವ ಕೆಲಸ

ನಮ್ಮ ಅಣ್ಣಿಗೇರಿ ಸೀಮೆಯಲ್ಲಿ ಈಗ ಫೋಟೋ ತೆಗೆಯದವರು ಯಾರೂ ಉಳಿದಿಲ್ಲ. ಕಡಲಿ ಹೊಲಕ್ಕೆ ಕೀಡಿ ಬಿದ್ದರೆ ಫೋಟೋ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದರೆ ಫೋಟೋ, ಬೆಣ್ಣಿಹಳ್ಳ ಉಕ್ಕಿ ರಸ್ತೆ ನುಂಗಿದರೆ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಫೋಟೋ. 2020ರಲ್ಲಿ ರೈತರೇ ತಮ್ಮ ಬೆಳೆಯ ವಿವರ ಹಾಕುವ ಸಮೀಕ್ಷೆಯ ಆ್ಯಪ್ ಬಂದಮೇಲಂತೂ ಸರ್ವೆ ನಂಬರಿನ ಹದ್ದಿನೊಳಗೆ ನಿಂತು ಹೆಸರಿನ ಗಿಡದ ಫೋಟೋ ಹೊಡೆಯುವುದು ಹರಗುವುದು, ಬಿತ್ತುವುದರ ಸಾಲಿಗೇ ಸೇರಿದೆ. ಆದರೆ ತೆಗೆದ ಫೋಟೋ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. “ಫೋನ್‌ನಾಗ ಐತ್ರಿ” ಅನ್ನುತ್ತಾರೆ. ಫೋನು ಎಲ್ಲಿ? “ಅದು ಹಳೇದಾತ್ರಿ, ಹೊಸಾದು ತಗೊಳ್ಳುಮುಂದ ಅಂಗಡ್ಯಾಂವಗ ಕೊಟ್ವಿ.”

ಓದಿದ ಹುಡುಗರು ಇನ್ನೊಂದು ಉತ್ತರ ಕೊಡುತ್ತಾರೆ: “ಗೂಗಲ್‌ನಾಗ ಅದಾವ ಸರ.” ಅದೂ ಸುಳ್ಳಲ್ಲ. ಆದರೆ ಗೂಗಲ್ ಫೋಟೋಸ್‌ನವರು 2021ರ ಜೂನ್ 1ರಿಂದ ಧಾರಾಳವನ್ನು ನಿಲ್ಲಿಸಿ, ಮೇಲ್, ಫೈಲು, ಫೋಟೋ ಎಲ್ಲ ಕೂಡಿ 15 ಜಿಬಿ ಮಾತ್ರ ಪುಕ್ಕಟೆ ಎಂದರು. ಅವತ್ತಿನಿಂದ ನಮ್ಮೂರಿನ ಎಷ್ಟೋ ಫೋನುಗಳ ಮೇಲೆ ‘ಜಾಗ ತುಂಬಿದೆ’ ಎಂಬ ಕೆಂಪು ಗೆರೆ ಕಾಯಂ ಆಗಿ ಕೂತಿದೆ. ಯಾರೂ ಅದನ್ನು ಓದುವುದಿಲ್ಲ. ನಾನು ಈ ವಿಷಯದಲ್ಲಿ ಹಳೇ ಕಾಲದವ. ಫೋಟೋ ಮನೆಯೊಳಗಿರಬೇಕು, ಇಂಥ ಕಡೆ ಇದೆ ಎಂದು ಬೆರಳು ಮಾಡಿ ತೋರಿಸುವ ಹಾಗಿರಬೇಕು. ಹಾಗಾಗಿ ಹಬ್ಬವೊಂದು ಮುಗಿದ ಮೇಲೆ, ರೊಟ್ಟಿ ಉಂಡು, ಫೋನಿನಿಂದ ಕಂಪ್ಯೂಟರಿಗೆ ಫೋಟೋ ಇಳಿಸುತ್ತಾ ಕೂಡುವುದು ನನ್ನ ರೂಢಿ. ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದಿದ್ದರೆ ಇದು ಹತ್ತು ನಿಮಿಷದ ಕೆಲಸವಾಗುತ್ತಿತ್ತು, ಬರೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ನನ್ನಲ್ಲಿರುವುದು ಡೆಬಿಯನ್.

ಡೆಬಿಯನ್ ಅಂದರೆ ಲಿನಕ್ಸ್ ವಂಶದ ಒಂದು ಆಪರೇಟಿಂಗ್ ಸಿಸ್ಟಂ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಶುರುಮಾಡಿದ್ದು. ತಾನು ಮೆಚ್ಚಿದ ಹುಡುಗಿ ಡೆಬ್ರಾಳ ಹೆಸರನ್ನು ಮುಂದಿಟ್ಟು, ತನ್ನ ಹೆಸರನ್ನು ಹಿಂದೆ ಜೋಡಿಸಿದ. ಜಗತ್ತಿನ ಎಷ್ಟೋ ಸರ್ವರುಗಳು ಇದರ ಮೇಲೆ ನಡೆಯುತ್ತವೆ. ನಮ್ಮ ಓಣಿಯಲ್ಲಿ ಮಾತ್ರ ನನ್ನದೊಂದೇ. ನಮ್ಮವ್ವ ಇದನ್ನು ‘ಡಬ್ಬಿ’ ಅಂತಲೇ ಕರೆಯುತ್ತಾಳೆ. ನಾನು ತಿದ್ದಲು ಹೋಗಿಲ್ಲ.

ಇದು ನನ್ನ ಕೈಗೆ ಬಂದದ್ದು ಸಾಲಿಯ ದಾರಿಯಿಂದ. 2011ರ ಸುಮಾರಿಗೆ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಸರ್ಕಾರಿ ಪ್ರೌಢಶಾಲೆಯ ಮಾಸ್ತರರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ಶುರುಮಾಡಿದವು. ಅಲ್ಲಿ ಕಲಿಸುತ್ತಿದ್ದದ್ದು ಉಬುಂಟು, ಅಂದರೆ ಡೆಬಿಯನ್ನಿನ ಮಗ. ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ವಿಂಡೋಸ್ ಎಂದೇ ತಿಳಿದಿದ್ದ ನಮ್ಮ ಮಂದಿ ಆ ಕಿತ್ತಳೆ ಬಣ್ಣದ ಪರದೆ ನೋಡಿ, “ಇದರಾಗ ಸ್ಟಾರ್ಟ್ ಎಲ್ಲೈತ್ರಿ?” ಎಂದು ಮೊದಲ ದಿನವಿಡೀ ಹುಡುಕಿದರು. ತರಬೇತಿ ಮುಗಿದ ಮೇಲೆ ಬಹಳ ಮಂದಿ ಊರಿಗೆ ಹೋಗಿ ಮೊದಲಿನ ಹಾದಿಯನ್ನೇ ಹಿಡಿದರು. ನನಗೆ ಮಾತ್ರ ಅದು ಹತ್ತಿಬಿಟ್ಟಿತು. ಮುಂದೆ ಅಣ್ಣನ ಮಗ ಬೆಂಗಳೂರಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡಾಗ, 2 ಜಿಬಿ ಮೆಮೊರಿಯ ತನ್ನ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಅದರಲ್ಲಿ ಡೆಬಿಯನ್ ತುಂಬಿ ಬಸ್ಸಿಗೆ ಹಾಕಿ ಕಳಿಸಿದ. “ಕಾಕಾ, ಇದು ಸಾಯೂದಿಲ್ಲ” ಎಂದು ಫೋನಿನಲ್ಲಿ ಭರವಸೆ ಕೊಟ್ಟ. ಸತ್ತಿಲ್ಲ.

ಅದರಲ್ಲಿ ಕನ್ನಡ ಎಷ್ಟಿದೆ ಎಂದು ನೋಡುತ್ತಾ ಕೂತಾಗ ಒಂದು ಖುಷಿಯ ವಸ್ತು ಸಿಕ್ಕಿತು. ಡೆಬಿಯನ್ನಿನ ಉಗ್ರಾಣದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಫಾಂಟುಗಳಿವೆ, ಅರವಿಂದ ವಿ.ಕೆ. ಎಂಬವರು ಮಾಡಿದ್ದು. ನವಿಲು ಕೈಬರಹದ ಧಾಟಿಯದು. ನವಲಗುಂದದ ಹೆಣ್ಣುಮಕ್ಕಳು ಜಮಖಾನಿಯಲ್ಲಿ ನವಿಲು ನೇಯುವುದನ್ನು ಕಂಡ ಕಣ್ಣಿಗೆ, ಪರದೇಶದ ಹೆಸರಿನ ಸಿಸ್ಟಂ ಒಳಗೆ ನವಿಲೊಂದು ಕೂತದ್ದು ನೋಡಿ ಸಿಸ್ಟಂ ಮೇಲೆ ಅರ್ಧ ಪ್ರೀತಿ ಅಲ್ಲೇ ಹುಟ್ಟಿತು. ನನ್ನ ಫೋಟೋಗಳ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲೇ ಇವೆ: ಎಳ್ಳಮಾಸಿ ಚರಗ, ಕಾಮಣ್ಣ, ಹೊಳಿ ಬಂದದ್ದು, ಸೋದರಮಾವನ ಮಗನ ಲಗ್ನ.

ಇನ್ನು ಇಳಿಸುವ ಸಂಗತಿ. ಮೊದಲ ತಕರಾರು ತೆಗೆಯುವುದು ಕೇಬಲ್ಲು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿಗೆ ಸಿಗುವ ಚಾರ್ಜರ್ ವಾಯರು ನೋಡಲಿಕ್ಕೆ ಚಂದ. ಚುಚ್ಚಿದರೆ ಫೋನು ಚಾರ್ಜೂ ಆಗುತ್ತದೆ. ಆದರೆ ಕಂಪ್ಯೂಟರಿಗೆ ಫೋನು ಬಂದದ್ದೇ ಗೊತ್ತಾಗುವುದಿಲ್ಲ. ಅಂಥದೊಂದು ಸತ್ತ ವಾಯರನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಮೇಲಿನ ರಬ್ಬರು ಸುಲಿದರೆ ಒಳಗೆ ಒಂದು ಕೆಂಪು ಎಳೆ, ಒಂದು ಕರಿ ಎಳೆ, ನಡುವೆ ಬಿಳಿ ನೂಲಿನ ಸಣ್ಣ ಸಿಂಬಿ, ಅಷ್ಟೇ. ಕೆಂಪು ಕರಿ ಎರಡೂ ಕರೆಂಟಿನವು. ಮಾತು ಸಾಗಿಸುವುದಕ್ಕೆ ಹಸಿರು, ಬಿಳಿ ಎಂದು ಇನ್ನೆರಡು ಎಳೆ ಬೇಕು. ತಾಮ್ರ ಉಳಿಸಲಿಕ್ಕೆ ಅವನ್ನು ಹಾಕಿಯೇ ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಈ ವಾಯರು ತೋರಿಸಿ ನಾಲ್ಕೆಳೆಯದು ಕೇಳಿದೆ. ಹುಡುಗ ವಾಯರು ನೋಡಲಿಲ್ಲ, ನನ್ನ ಮುಖ ನೋಡಿದ. “ಕಂಪ್ಯೂಟರ್‌ದಾಗ ಏನೈತ್ರಿ ಸರ? ಲಿನಕ್ಸಾ? ಅದಕ್ಕಽ ಹಂಗಾಗತೈತಿ. ವಿಂಡೋಸ್ ಹೊಡಸ್ರಿ. ಪೆನ್‌ಡ್ರೈವ್‌ದಾಗ ಐತಿ, ತಾಸಿನಾಗ ಕೊಡ್ತೀನಿ.” ಎರಡು ಎಳೆ ಇಲ್ಲದ ವಾಯರಿಗೆ ಇಡೀ ಸಿಸ್ಟಂ ಬದಲಿಸುವ ಔಷಧ! ಅಪರೂಪದ ಸಿಸ್ಟಂ ಇಟ್ಟುಕೊಂಡವನ ಕಷ್ಟ ಇದೊಂದೇ. ಇಲಿ ವಾಯರು ಕಡಿದರೂ ತಪ್ಪು ಲಿನಕ್ಸಿನದು.

ನಾಲ್ಕೆಳೆಯ ಕೇಬಲ್ ಚುಚ್ಚಿದ ಮೇಲೂ ಫೋನು ತಾನಾಗಿ ಬಾಯಿ ಬಿಡುವುದಿಲ್ಲ. ಪರದೆಯನ್ನು ಮೇಲಿಂದ ಕೆಳಗೆ ಎಳೆದು, ‘ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ’ ಎಂಬ ಸಾಲನ್ನು ಒತ್ತಿ, ಒಳಗೆ ‘ಫೈಲ್ ವರ್ಗಾವಣೆ’ ಆರಿಸಬೇಕು. ಹಳೇ ಫೋನುಗಳು ಹೀಗಿರಲಿಲ್ಲ. ಚುಚ್ಚಿದ ಕೂಡಲೇ ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳುತ್ತಿದ್ದವು. 2011ರಲ್ಲಿ ಬಂದ ಆಂಡ್ರಾಯ್ಡ್ 3ರಿಂದ ಪದ್ಧತಿ ಬದಲಾಯಿತು. ಯಾಕೆ ಬದಲಾಯಿತು ಎಂಬುದು ನನಗೆ ತಿಳಿದದ್ದು ನಮ್ಮ ಹಿರಿಯರ ಹಗೇವಿನ ನೆನಪಿನಿಂದ.

ನಮ್ಮ ಎರಿಸೀಮೆಯಲ್ಲಿ ಜೋಳ ಇಡುತ್ತಿದ್ದದ್ದು ನೆಲದೊಳಗಿನ ಹಗೇವಿನಲ್ಲಿ. ಮನೆ ಮುಂದೆಯೋ ಓಣಿಯ ನಡುವೆಯೋ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾದ ತಗ್ಗು. ತೆಗೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗಿನ ಝಳ ಹೋಗಲಿ ಎಂದು ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಬ್ಬ ಇಳಿಯುತ್ತಿದ್ದ. ಹಳೇ ಫೋನು ಮಾಡುತ್ತಿದ್ದದ್ದು ಇಡೀ ಹಗೇವನ್ನೇ ಕಂಪ್ಯೂಟರಿಗೆ ಒಪ್ಪಿಸಿ ತಾನು ದೂರ ನಿಲ್ಲುವ ಕೆಲಸ. ಅಷ್ಟು ಹೊತ್ತು ಫೋನಿಗೇ ತನ್ನ ಕಾಳು ಮುಟ್ಟಲಿಕ್ಕೆ ಬರುತ್ತಿರಲಿಲ್ಲ. ಕೇಬಲ್ ಚುಚ್ಚಿದಾಗ ಗ್ಯಾಲರಿ ಖಾಲಿ ಕಾಣುತ್ತಿದ್ದದ್ದು, ಮೆಮೊರಿ ಕಾರ್ಡಿನ ಹಾಡು ನಡುವೆಯೇ ನಿಲ್ಲುತ್ತಿದ್ದದ್ದು ಅದಕ್ಕೇ. ನಡುವೆ ಯಾರಾದರೂ ಕೇಬಲ್ ಕಿತ್ತರೆ ಹಗೇವೇ ಕುಸಿದ ಹಾಗೆ, ಕಾರ್ಡು ಕೆಡುತ್ತಿತ್ತು. ಈಗಿನ ಪದ್ಧತಿಯಲ್ಲಿ ಫೋನೇ ಒಳಗೆ ಇಳಿದು ಕೂತಿರುತ್ತದೆ. ಕಂಪ್ಯೂಟರು ಮೇಲೆ ನಿಂತು ‘ಇಂಥದು ಕೊಡು’ ಅನ್ನಬೇಕು, ಅದು ಒಂದೊಂದೇ ಬುಟ್ಟಿ ಮೇಲಕ್ಕೆ ಕೊಡುತ್ತದೆ. ಒಂದು ಬುಟ್ಟಿ ಮೇಲೆ ಬರುವವರೆಗೆ ಇನ್ನೊಂದನ್ನು ಕೇಳುವ ಹಾಗಿಲ್ಲ.

ಈ ಬುಟ್ಟಿ ಪದ್ಧತಿಯ ಹೆಸರು ಎಂಟಿಪಿ. ತಮಾಷೆಯೆಂದರೆ ಇದನ್ನು ರೂಪಿಸಿದವರು ವಿಂಡೋಸ್‌ನ ಒಡೆಯರಾದ ಮೈಕ್ರೋಸಾಫ್ಟ್‌ನವರೇ. 2008ರಲ್ಲಿ ಅದು ಎಲ್ಲರಿಗೂ ಅನ್ವಯಿಸುವ ಯುಎಸ್‌ಬಿ ನಿಯಮವಾಯಿತು. ಲಿನಕ್ಸಿನ ಮಂದಿಯೂ ಎಂಟಿಪಿಗಾಗಿ ‘ಲಿಬ್‌ಎಂಟಿಪಿ’ ಎಂಬ ತಮ್ಮದೇ ಸಾಧನ ಕಟ್ಟಿದರು. ಅದರೊಳಗೆ ಯಾವ ಕಂಪನಿಯ ಯಾವ ಫೋನು ಎಲ್ಲಿ ಹಟ ಮಾಡುತ್ತದೆ ಎಂಬುದರ ದೊಡ್ಡ ಪಟ್ಟಿಯೇ ಇದೆ. ಸಂಬಳವಿಲ್ಲದೆ, ಕಾಣದ ಮಂದಿ, ಬೇರೆಯವರ ಫೋನಿನ ಹಟಗಳನ್ನು ವರ್ಷಗಟ್ಟಲೆ ಬರೆದಿಟ್ಟಿದ್ದಾರೆ. ಆ ಪಟ್ಟಿ ಓದುವುದು ನನಗೆ ಊರಿನ ಪಂಚಾಯ್ತಿಯ ಹಳೇ ಠರಾವು ಪುಸ್ತಕ ಓದಿದಷ್ಟೇ ರುಚಿ.

ನನ್ನ ಡಬ್ಬಿಗೆ ಇನ್ನೂ ಒಂದು ಬೇಕಿತ್ತು. ಹಗುರಾದ ಎಕ್ಸ್‌ಎಫ್‌ಸಿಇ ಪರದೆಯಲ್ಲಿ ‘ಜಿವಿಎಫ್‌ಎಸ್ ಬ್ಯಾಕೆಂಡ್ಸ್’ ಎಂಬ ಪೊಟ್ಟಣ ಹಾಕದೆ ಫೋನಿನ ಚಿತ್ರ ಕಿಟಕಿಯಲ್ಲಿ ಮೂಡುವುದೇ ಇಲ್ಲ. ಅದನ್ನು ಹಾಕಿದ ಮೇಲೆ ಮೂಡಿತು. ಚಿಟಿಕೆ ಹೊಡೆದರೆ ಡಿಸಿಐಎಂ. ಈ ಹೆಸರಿನ ಫೋಲ್ಡರು ನಿಮ್ಮ ಫೋನಿನಲ್ಲೂ ಇದೆ. ಡಿಜಿಟಲ್ ಕ್ಯಾಮೆರಾದ ಚಿತ್ರಗಳು ಇಂಥ ಹೆಸರಿನ ಫೋಲ್ಡರಿನಲ್ಲೇ ಇರಬೇಕೆಂದು ಜಪಾನಿನವರು 1998ರಲ್ಲಿ ಮಾಡಿದ ಕಟ್ಟಳೆ ಅದು. ಅದರೊಳಗೆ ಕ್ಯಾಮೆರಾ ಎಂಬ ಇನ್ನೊಂದು ಫೋಲ್ಡರು, ಅದರಲ್ಲಿ ಸಾವಿರಗಟ್ಟಲೆ ಫೋಟೋ. ಇಲ್ಲಿ ಡಬ್ಬಿ ನಿಂತುಬಿಡುತ್ತದೆ. ಪ್ರತಿ ಫೋಟೋದ ಸಣ್ಣ ನೆರಳು ತೋರಿಸಬೇಕಾದರೂ ಒಂದೊಂದೇ ಬುಟ್ಟಿ ಮೇಲೆ ಬರಬೇಕಲ್ಲ.

ಬೇರೆಯವರಿಗೆ ಬೇಸರ ಬರುವುದು ಇಲ್ಲಿಯೇ, ನನಗೆ ಕೆಲಸ ಹಿಡಿಸುವುದೂ ಇಲ್ಲಿಯೇ. ಫೋಟೋಗಳು ಒಂದರ ಹಿಂದೊಂದು ಮೂಡುತ್ತವೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕರಿಗಂಬಕ್ಕೆ ಆತು ನಿಂತ ಎಂಟನೇತ್ತೆ ಹುಡುಗರು; ಹೊಳೆಯುವ ಕಂಬದಲ್ಲಿ ಅವರ ಬಿಳಿ ಅಂಗಿ ಕಾಣುತ್ತದೆ. ಕುಂದಗೋಳದ ನಾಡಿಗೇರ ವಾಡೇದಲ್ಲಿ ಸವಾಯಿ ಗಂಧರ್ವರ ಹೆಸರಿನ ಅಹೋರಾತ್ರಿ ಸಂಗೀತ; ರಾತ್ರಿ ಎರಡರ ಮೇಲೆ ತೆಗೆದದ್ದೆಲ್ಲ ಮಂಜು, ತಂಬೂರಿಯವರ ಕೈ ಮಾತ್ರ ಸ್ಪಷ್ಟ. ಹೋಳಿಯಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದಿನ ಪಾಳಿ. ಚರಗ ಚೆಲ್ಲಲು ಹೋದಾಗ ಹೊಲದಲ್ಲಿ ಹಾಸಿದ ಜಮಖಾನಿಯ ಮೇಲೆ ಸಜ್ಜಿರೊಟ್ಟಿ, ಎಣಗಾಯಿ, ಕರಿಹಿಂಡಿ, ಮಾದಲಿ, ಮತ್ತು ಯಾರದೋ ಅರ್ಧ ಮೊಣಕೈ. ಮನೆಯವಳು ಹಿಂದಿನಿಂದ ಬಂದು ನಿಲ್ಲುತ್ತಾಳೆ. “ಅದನ್ನ ತಗೀರಿ, ನನ್ನ ಕಣ್ಣ ಮುಚ್ಚ್ಯಾವ.” “ಇರ್ಲಿ ಬಿಡು.” “ಏನ್ ಇರ್ಲಿ? ಹತ್ತು ವರ್ಷ ಆದಮ್ಯಾಲೆ ನೋಡ್ದಾವ್ರು ಮಲಗಿದ್ಲು ಅಂತಾರ.” ಫೋನಿನಲ್ಲೇ ಇದ್ದಿದ್ದರೆ ಈ ಫೋಟೋಗಳನ್ನು ನಾವಿಬ್ಬರೂ ಹೀಗೆ ಕೂಡಿ ನೋಡುತ್ತಿರಲಿಲ್ಲ. ಅಲ್ಲಿ ಬೆರಳು ಸರಿಯುತ್ತಲೇ ಇರುತ್ತದೆ.

ಆಮೇಲೆ ತಾರೀಖಿನ ಗೊಂದಲ. ಹೀಗೆ ಇಳಿಸಿದಾಗ ಎಷ್ಟೋ ಸಲ ಫೈಲಿನ ಮೇಲೆ ಬೀಳುವುದು ಇವತ್ತಿನ ತಾರೀಖು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಹೊಲಕ್ಕೆ ನುಗ್ಗಿದ್ದೂ ನಿನ್ನೆಯ ಸೀಮಂತವೂ ಒಂದೇ ದಿನದ್ದಾಗಿ ಕೂಡುತ್ತವೆ. ಆದರೆ ಫೋಟೋದ ಹೊಟ್ಟೆಯೊಳಗೆ ಎಕ್ಸಿಫ್ ಎಂಬ ಸಣ್ಣ ಚೀಟಿ ಇರುತ್ತದೆ. 1995ರಲ್ಲಿ ಇದನ್ನು ಶುರುಮಾಡಿದವರೂ ಜಪಾನಿನವರೇ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಷ್ಟು ಸೆಕೆಂಡು, ಫೋನಿನಲ್ಲಿ ಅನುಮತಿ ಕೊಟ್ಟಿದ್ದರೆ ಯಾವ ಅಕ್ಷಾಂಶ ರೇಖಾಂಶ ಎಂಬುದೆಲ್ಲ ಅದರಲ್ಲಿ. ‘ಎಕ್ಸಿಫ್‌ಟೂಲ್’ ಎಂಬ ಪ್ರೋಗ್ರಾಮಿಗೆ ಒಂದು ಸಾಲು ಬರೆದುಕೊಟ್ಟರೆ ಪ್ರತಿ ಫೋಟೋದ ಚೀಟಿ ಓದಿ, ತಾರೀಖಿನ ಪ್ರಕಾರ ಹೆಸರಿಟ್ಟು ಸಾಲಾಗಿ ನಿಲ್ಲಿಸುತ್ತದೆ. ಆ ಒಂದು ಸಾಲನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಯಾಕೆ, ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಂಡರೆ ಮುಗಿಯಿತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಓಣಿಯಲ್ಲೇ ಇದೆ. ಮಗ್ಗಲ ಮನೆಯ ಅಜ್ಜ ತೀರಿಕೊಂಡಾಗ ಮೊಮ್ಮಗ ಓಡಿಬಂದ. “ಮಾಸ್ತರ್ರ, ಅಜ್ಜನ ಒಂದ ಫೋಟೋ ಇಲ್ಲ. ನಾಳೆ ಮುಂಜಾನೆ ಬ್ಯಾನರ್ ಬೇಕು.” ಅವನ ಹತ್ತಿರ ಇದ್ದದ್ದು ಲಗ್ನವೊಂದರ ಗುಂಪು ಫೋಟೋ, ವಾಟ್ಸಾಪಿನಲ್ಲಿ ಬಂದದ್ದು. ಅದರಲ್ಲಿ ಅಜ್ಜ ಮೂಲೆಯ ಕುರ್ಚಿಯಲ್ಲಿ ಪಟಕಾ ಸುತ್ತಿಕೊಂಡು ಕೂತಿದ್ದ. ವಾಟ್ಸಾಪು ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ಉದ್ದದ ಕಡೆ 1600 ಚುಕ್ಕಿಯ ಆಸುಪಾಸಿಗೆ ಹಿಂಡಿಬಿಡುತ್ತದೆ, ಮೇಲಾಗಿ ಹೊಟ್ಟೆಯೊಳಗಿನ ಚೀಟಿಯನ್ನೂ ಕಿತ್ತು ಬಿಸಾಡುತ್ತದೆ. ಗುಂಪಿನ ಅಗಲದಲ್ಲಿ ಅಜ್ಜನ ಮುಖ ಹತ್ತರಲ್ಲೊಂದು ಪಾಲು, ಅಂದರೆ 160 ಚುಕ್ಕಿ. ಅದನ್ನು ಎರಡು ಫೂಟು ಅಗಲಕ್ಕೆ ಹಿಗ್ಗಿಸಿದರೆ ಮೀಸೆ ಯಾವುದು, ಬಾಯಿ ಯಾವುದು ತಿಳಿಯದು. ಅದೇ ಲಗ್ನದಲ್ಲಿ ನಾನೂ ತೆಗೆದಿದ್ದ ಮೂಲ ಫೋಟೋ ಡಬ್ಬಿಯಲ್ಲಿತ್ತು, 4000 ಚುಕ್ಕಿ ಅಗಲದ್ದು. ಅದರಲ್ಲಿ ಮುಖಕ್ಕೆ 400 ಚುಕ್ಕಿ ಸಿಕ್ಕಿತು. ಪಟಕಾದ ಜರಿ ಅಂಚೂ ಬಂತು. ಬ್ಯಾನರಿನವನು ಪೆನ್‌ಡ್ರೈವ್ ಹಿಂತಿರುಗಿಸುತ್ತಾ, “ಇಷ್ಟ ಕ್ಲಿಯರ್ ಇದ್ದದ್ದು ಯಾರೂ ತರೂದಿಲ್ಲ ಬಿಡ್ರಿ” ಅಂದ. ಈಗ ಓಣಿಯವರು ಮುದುಕರನ್ನು ಕರೆದುಕೊಂಡು ಬಂದು, “ಒಂದ ಛಲೋ ಫೋಟೋ ಹೊಡದ ಇಟ್ಟಿರ್ರಿ” ಎನ್ನುವುದೂ ಉಂಟು. ಮುದುಕರಿಗೂ ಯಾತಕ್ಕೆಂದು ಗೊತ್ತಿರುತ್ತದೆ. ಒಬ್ಬಾಕೆ, “ಬ್ಯಾನರಿನಾಗ ನತ್ತು ಕಾಣುವಂಗ ಹೊಡಿ” ಎಂದು ನನಗೆ ಹುಕುಂ ಮಾಡಿದಳು.

ಕಲಘಟಗಿಯ ತೊಟ್ಟಿಲಿನದೂ ಇದೇ ಕತೆ. ತಂಗಿಯ ಮಗಳ ಕೂಸಿಗೆ ಮಾಡಿಸಿದ ತೊಟ್ಟಿಲಿನ ಫೋಟೋ ಎಲ್ಲರ ವಾಟ್ಸಾಪಿನಲ್ಲೂ ಇದೆ. ಅದರಲ್ಲಿ ಕಾಣುವುದು ಅರಗಿನ ಕೆಂಪು ಮಾತ್ರ. ಹಲಗೆಯ ಮೇಲೆ ಚಿತ್ರಗಾರ ಬರೆದ ಬೆಣ್ಣೆ ಕದಿಯುವ ಕೃಷ್ಣನ ಹುಬ್ಬು ಕೂದಲೆಳೆಯಷ್ಟು ಸಣ್ಣದು. ವಾಟ್ಸಾಪಿನ ಹಿಂಡುವ ಯಂತ್ರ ಮೊದಲು ನುಂಗುವುದು ಅಂಥ ಗೆರೆಗಳನ್ನೇ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಮೂಲ ಹಾಗೇ ಹೋಗುತ್ತದೆ. ಇದನ್ನು ಹೇಳಿ ಹೇಳಿ ಸಾಕಾಗಿದೆ.

ಎಂಟಿಪಿ ತೀರ ಮೊಂಡಾದ ದಿನ ನಾನು ಇನ್ನೊಂದು ದಾರಿ ಹಿಡಿಯುತ್ತೇನೆ. ನನ್ನ ಡಬ್ಬಿಗೆ ವೈಫೈ ಇಲ್ಲ. ಅದೇ ಕೇಬಲಿನಲ್ಲಿ ಫೋನಿನ ‘ಯುಎಸ್‌ಬಿ ಟೆದರಿಂಗ್’ ಹಾಕಿದರೆ ಎರಡರ ನಡುವೆ ಸಣ್ಣದೊಂದು ಜಾಲ ಏಳುತ್ತದೆ. ಫೋನಿನಲ್ಲಿ ಎಫ್‌ಟಿಪಿ ಸರ್ವರಿನ ಆ್ಯಪ್ ಚಾಲೂ ಮಾಡಿದರೆ 192.168 ಎಂದು ಶುರುವಾಗುವ ಒಂದು ವಿಳಾಸ ಕೊಡುತ್ತದೆ. ಅದನ್ನು ಡಬ್ಬಿಯಲ್ಲಿ ಬರೆದರೆ ಬುಟ್ಟಿಯ ಲೆಕ್ಕವಿಲ್ಲದೆ ಫೋಟೋ ಧಾರೆಯಾಗಿ ಬರುತ್ತವೆ. ನಡುವೆ ಕರೆಂಟು ಹೋದರೂ ‘ಎಲ್‌ಎಫ್‌ಟಿಪಿ’ ಎಂಬ ಪ್ರೋಗ್ರಾಮು ನಿಂತಲ್ಲಿಂದ ಮುಂದೆ ಹಿಡಿಯುತ್ತದೆ. ಹಳ್ಳಿಯಲ್ಲಿರುವವನಿಗೆ ಇದಕ್ಕಿಂತ ದೊಡ್ಡ ಗುಣ ಬೇಡ. ಫೈಲು ಸಾಗಿಸುವ ಈ ಎಫ್‌ಟಿಪಿ ನಿಯಮ ಇವತ್ತಿನದಲ್ಲ. 1971ರ ಏಪ್ರಿಲ್ 16ರಂದು ಇದರ ಮೊದಲ ಕರಡು ಬರೆದವರು ಅಭಯ್ ಭೂಷಣ್, ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದವರು. ಫೋಟೋ ತೆಗೆಯುವ ಫೋನನ್ನು ಯಾರೂ ಕನಸಿನಲ್ಲೂ ಕಾಣದ ಕಾಲ ಅದು. ಆ ಕರಡಿನ ವಂಶದ ನಿಯಮದ ಮೇಲೆ ನನ್ನ ಎಣಗಾಯಿಯ ಫೋಟೋ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ.

ನನ್ನದು ಅಪರೂಪದ ಸಿಸ್ಟಂ ಎಂದೆ. ಅದು ನಮ್ಮ ತಾಲೂಕಿನ ಮಟ್ಟಿಗೆ. ಕಾಸರಗೋಡಿನ ಕನ್ನಡ ಸಾಲಿಯ ಮಕ್ಕಳಿಗೆ ಲಿನಕ್ಸೇ ಮಾಮೂಲು, ಯಾಕೆಂದರೆ ಕೇರಳದ ಸರ್ಕಾರಿ ಶಾಲೆಗಳ ಐಟಿ ಪಾಠ ನಡೆಯುವುದೇ ಅದರ ಮೇಲೆ. ಅಲ್ಲಿಯ ಹುಡುಗಿಯೊಬ್ಬಳನ್ನು ತಂದು ನನ್ನ ಡಬ್ಬಿಯ ಮುಂದೆ ಕೂಡಿಸಿದರೆ ‘ಸ್ಟಾರ್ಟ್ ಎಲ್ಲಿ’ ಎಂದು ಕೇಳಲಾರಳು. ಹುಬ್ಬಳ್ಳಿಯ ಆ ಅಂಗಡಿಯ ಹುಡುಗನಿಗೆ ಇದನ್ನು ಹೇಳಬೇಕೆಂದಿದ್ದೇನೆ, ಅವನಿಗೆ ಪುರುಸೊತ್ತು ಇದ್ದರೆ.

ಈ ಸಲದ ಎಳ್ಳಮಾಸಿಗೆ ಪುಣೆಯಿಂದ ಸೋದರಮಾವನ ಮಗ ಬರುವವನಿದ್ದಾನೆ, ಕೈಯಲ್ಲಿ ಐಫೋನು. ಅದು ಎಂಟಿಪಿಗೂ ಬಗ್ಗುವುದಿಲ್ಲ. 2017ರ ಐಓಎಸ್ 11ರಿಂದ ಅದರ ಫೋಟೋಗಳು ಜೆಪೆಗ್ ಬಿಟ್ಟು ಹೈಕ್ ಎಂಬ ಬೇರೆಯೇ ಅಂಗಿ ತೊಟ್ಟಿವೆ. ಐಫೋನಿನೊಡನೆ ಮಾತಾಡಲು ಬೇಕಾದ ‘ಲಿಬ್‌ಐಮೊಬೈಲ್‌ಡಿವೈಸ್’, ಹೈಕನ್ನು ಜೆಪೆಗ್ ಮಾಡುವ ಇನ್ನೊಂದು ಪೊಟ್ಟಣ, ಎರಡನ್ನೂ ಈಗಲೇ ಇಳಿಸಿಟ್ಟಿದ್ದೇನೆ. ಹೊಲದಿಂದ ಬಂದ ಮೇಲೆ ಅವನು ಫೋನಿನ ಪರದೆಯ ಮೇಲೆ ‘ಈ ಕಂಪ್ಯೂಟರನ್ನು ನಂಬು’ ಎಂಬುದನ್ನು ಒತ್ತಬೇಕು, ಅಷ್ಟೇ. “ನಿಮ್ಮ ಡಬ್ಬಿನ ನಂಬಬೌದಾ?” ಎಂದು ಫೋನಿನಲ್ಲಿ ಆಗಲೇ ಕೇಳಿ ನಕ್ಕಿದ್ದಾನೆ. ನಂಬುವುದು ಅವನಿಗೆ ಬಿಟ್ಟದ್ದು, ಕೇಬಲ್ ಮಾತ್ರ ಮರೆಯದೆ ತಾ ಎಂದು ಹೇಳಿದ್ದೇನೆ. ಆ ಥರದ್ದು ನಮ್ಮ ಸಂತೆಯಲ್ಲಿ ಸಿಕ್ಕರೂ ಅದರೊಳಗೆ ಎಷ್ಟು ಎಳೆ ಇರುತ್ತವೋ ಯಾರಿಗೆ ಗೊತ್ತು.